ಬುತ್ತಿ ಕಟ್ಟಿಕೊಂಡು ಒಪೆರಾಕ್ಕೆ

ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಗ್ಲೈಂಡ್‌ಬೋರ್ನ್‌ನಲ್ಲಿ ಒಪೆರಾದ ಮಧ್ಯೆ ಊಟಕ್ಕೆಂದು ಒಂದೂವರೆ ಗಂಟೆ ಬಿಡುವು ಕೊಡುತ್ತಾರೆ. ಸಂಜೆ ಐದರ ಸುಮಾರಿಗೆ ಆಟ ಶುರು. ಅರ್ಧ ಕತೆ ಮುಗಿದ ಕೂಡಲೇ ಸಾವಿರಕ್ಕೂ ಮಿಕ್ಕಿದ ಜನ ಎದ್ದು ತೋಟಕ್ಕೆ ಬರುತ್ತಾರೆ. ಮನೆಯಿಂದ ಕಟ್ಟಿ ತಂದದ್ದನ್ನು ಬಿಚ್ಚಿ ನಿಧಾನವಾಗಿ ಉಣ್ಣುತ್ತಾರೆ, ಕೆರೆಯ ಸುತ್ತ ಒಂದಿಷ್ಟು ಅಡ್ಡಾಡುತ್ತಾರೆ, ಆಮೇಲೆ ಒಳಗೆ ಹೋಗಿ ಉಳಿದರ್ಧ ನೋಡುತ್ತಾರೆ. ಇದೆಲ್ಲ ಉಳ್ಳವರ ಶೋಕಿ, ಸಂಗೀತಕ್ಕೂ ಊಟದ ಬುಟ್ಟಿಗೂ ಏನು ಸಂಬಂಧ ಎಂದು ಕೇಳುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಸಂಬಂಧ ಇದೆ ಎಂಬುದು ನನ್ನ ವಾದ. ಮೊಜಾರ್ಟ್‌ನ ‘ಫಿಗರೋನ ಮದುವೆ’ಯನ್ನು ನಾನು ಮನೆಯಲ್ಲಿ ಧ್ವನಿಮುದ್ರಣದಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ನನ್ನದಾದದ್ದು ಸಸೆಕ್ಸ್‌ನ ಆ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ಉಂಡ ಮೇಲೆ.

ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ಲೂಯಿಸ್ ಎಂಬ ಊರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಂದ ಗ್ಲೈಂಡ್‌ಬೋರ್ನ್‌ನವರ ಬಸ್ಸು. ರೈಲು ಹತ್ತುವ ಮೊದಲೇ ಯಾರು ಎಲ್ಲಿಗೆ ಹೊರಟವರು ಎಂದು ತಿಳಿದುಬಿಡುತ್ತದೆ. ಸುಡುಬಿಸಿಲಿನ ಮಧ್ಯಾಹ್ನದಲ್ಲಿ ಕಪ್ಪು ಕೋಟು, ಬೋ ಟೈ ಕಟ್ಟಿದ ಗಂಡಸರು, ನೆಲಕ್ಕೆ ತಾಗುವ ಗೌನು ತೊಟ್ಟ ಹೆಂಗಸರು, ಕೈಯಲ್ಲಿ ಬೆತ್ತದ ಬುಟ್ಟಿ, ಬಗಲಲ್ಲಿ ಮಡಚುವ ಕುರ್ಚಿ. ಸುತ್ತಲೂ ಚಡ್ಡಿ, ಬನಿಯನ್ನು, ಬೆನ್ನಿಗೆ ಚೀಲ ಹಾಕಿಕೊಂಡ ಪ್ರಯಾಣಿಕರು. ಇವರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿ ನಗುತ್ತಾರೆ, ಪರಿಚಯ ಇರಬೇಕೆಂದೇನೂ ಇಲ್ಲ. ನಾನು ಮೈಸೂರು ರೇಷ್ಮೆ ಉಟ್ಟಿದ್ದೆ. ‘ಅಮ್ಮ, ಇವತ್ತು ಇಡೀ ರೈಲಿನಲ್ಲಿ ನಿನ್ನದೇ ಸರಿಯಾದ ಉಡುಪು’ ಎಂದಳು ಮಗಳು. ಹೀಗೇ ಉಡಬೇಕೆಂಬ ಕಟ್ಟಪ್ಪಣೆ ಅಲ್ಲಿಲ್ಲ, ರೂಢಿ ಇದೆ. ಹಾಡುವವರು ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಬಂದಿರುತ್ತಾರೆ, ಕೇಳುವವರೂ ತಮ್ಮ ಕಡೆಯಿಂದ ಒಂದಿಷ್ಟು ತಯಾರಾಗಿ ಬರಬೇಕು ಎಂಬುದು ಈ ಜಾಗ ಕಟ್ಟಿದ ಜಾನ್ ಕ್ರಿಸ್ಟಿಯ ನಂಬಿಕೆಯಾಗಿತ್ತು. ಮದುವೆಮನೆಗೆ ಹೋಗುವಾಗ ನಾವು ಒಳ್ಳೆಯ ಸೀರೆ ತೆಗೆಯುವುದು ಆ ಮನೆಯವರ ಮೇಲಿನ ಗೌರವದಿಂದ ತಾನೆ? ನನಗೆ ಆ ಮಾತು ಪೂರ್ತಿ ಒಪ್ಪಿಗೆ.

ತಯಾರಿ ಹಿಂದಿನ ರಾತ್ರಿಯೇ ಶುರುವಾಗಿತ್ತು. ಹೊರಗೆ ನಾಲ್ಕೈದು ಗಂಟೆ ಇಟ್ಟರೂ ಕೆಡದ ತಿಂಡಿ ಬೇಕು, ಕೈಗೆ ಅಂಟಬಾರದು, ಬಿಸಿ ಮಾಡಲು ಒಲೆ ಇಲ್ಲ. ನಮ್ಮ ಹಿರಿಯರು ತಿರುಪತಿಗೋ ಧರ್ಮಸ್ಥಳಕ್ಕೋ ಹೊರಡುವಾಗ ಈ ಲೆಕ್ಕವನ್ನೆಲ್ಲ ಹಾಕಿಯೇ ಇಟ್ಟಿದ್ದಾರೆ. ಹುಣಸೆಹುಳಿಯ ಗೊಜ್ಜನ್ನು ಎಣ್ಣೆ ಬಿಡುವ ತನಕ ಕುದಿಸಿ ಇಟ್ಟೆ. ಬೆಳಿಗ್ಗೆ ಅನ್ನ ಆರಿಸಿ ಕಲಸಿದೆ. ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಹಚ್ಚಿ ಸುತ್ತಿದೆ. ಊರಿಂದ ತಂದ ಕೋಡುಬಳೆಯ ಡಬ್ಬಿ ಇತ್ತು. ಕೋಸಂಬರಿಗೆ ಹೆಸರುಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ಒಗ್ಗರಣೆಯನ್ನೂ ಹಾಕಿದೆ. ಉಪ್ಪನ್ನು ಮಾತ್ರ ಒಂದು ಕಾಗದದ ಪೊಟ್ಟಣದಲ್ಲಿ ಬೇರೆ ಕಟ್ಟಿ, ನಿಂಬೆಹಣ್ಣನ್ನು ಇಡಿಯಾಗಿ ಇಟ್ಟುಕೊಂಡೆ. ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ಸಪ್ಪೆ. ಅಳಿಯಂದಿರು ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡರು.

ಬಸ್ಸು ಇಳಿದರೆ ಎದುರಿಗೆ ಹಳೆಯ ಕಾಲದ ದೊಡ್ಡ ಮನೆ, ಅದರ ಮಗ್ಗುಲಿಗೆ ಇಟ್ಟಿಗೆಯ ದುಂಡನೆಯ ರಂಗಮಂದಿರ, ಹಿಂದೆ ಸೌತ್ ಡೌನ್ಸ್ ಗುಡ್ಡಗಳು. ನಮ್ಮ ಮಲೆನಾಡಿನ ಕಾಡುಗುಡ್ಡಗಳ ಹಾಗಲ್ಲ ಅವು. ಮರವೇ ಇಲ್ಲದ, ಬರೀ ಹುಲ್ಲಿನ ಬೋಳುಗುಡ್ಡ. ಒಂದರ ಮೇಲೆ ಗಾಳಿಯಂತ್ರ ತಿರುಗುತ್ತಿರುತ್ತದೆ. ಅದನ್ನು ಹಾಕಿದ್ದು 2012ರಲ್ಲಿ. ರಂಗಮಂದಿರಕ್ಕೆ ವರ್ಷಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಗಾಳಿಯಿಂದಲೇ ಹುಟ್ಟಿಸಬೇಕೆಂಬ ಉದ್ದೇಶ. ತೋಟದೊಳಗೆ ಜನ ತಮಗೆ ಬೇಕಾದ ಮೂಲೆ ಹಿಡಿದು ಕಂಬಳಿ ಹಾಸಿ, ಮೇಜು ಬಿಡಿಸಿ, ಬಿಳಿ ವಸ್ತ್ರ ಹೊದಿಸಿ, ಬುಟ್ಟಿ ಇಟ್ಟು ಹೋಗಿಬಿಡುತ್ತಾರೆ. ಕಾವಲಿಲ್ಲ. ಎರಡು ಗಂಟೆ ಕಳೆದು ಬಂದರೂ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ನಾವು ಕೆರೆಯ ಹತ್ತಿರ ಒಂದು ಮರದಡಿ ಜಮಖಾನ ಹಾಸಿದೆವು.

ಈ ಜಾಗದ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜಾನ್ ಕ್ರಿಸ್ಟಿ ಈಟನ್ ಶಾಲೆಯಲ್ಲಿ ಮೇಷ್ಟರಾಗಿದ್ದವನು, ಮೊದಲ ಮಹಾಯುದ್ಧದಲ್ಲಿ ಹೋರಾಡಿದವನು. 1920ರಲ್ಲಿ ಗ್ಲೈಂಡ್‌ಬೋರ್ನ್‌ನ ಮನೆ, ಜಮೀನು ಅವನ ಕೈಗೆ ಬಂತು. ಸಂಗೀತದ ಹುಚ್ಚು ಎಷ್ಟೆಂದರೆ ಮನೆಗೊಂದು ದೊಡ್ಡ ಆರ್ಗನ್ ಬೇಕೆಂದು ಅದನ್ನು ತಯಾರಿಸುವ ಕಂಪನಿಯನ್ನೇ ಕೊಂಡ. ಆರ್ಗನ್ ಇದ್ದ ಹಜಾರದಲ್ಲಿ ಸ್ನೇಹಿತರನ್ನೂ ಆಳುಕಾಳುಗಳನ್ನೂ ಸೇರಿಸಿಕೊಂಡು ಒಪೆರಾದ ತುಣುಕುಗಳನ್ನು ಹಾಡಿಸುತ್ತಿದ್ದ. ಹಾಗೊಮ್ಮೆ ಹಾಡಲು ಬಂದ ವೃತ್ತಿಪರ ಗಾಯಕಿ ಆಡ್ರಿ ಮಿಲ್ಡ್‌ಮೇ. 1931ರಲ್ಲಿ ಮದುವೆಯಾದಾಗ ಅವನಿಗೆ ವಯಸ್ಸು ಐವತ್ತರ ಹತ್ತಿರ. ಹೆಂಡತಿ ಹಾಡುವವಳು, ಆಕೆಗೊಂದು ರಂಗ ಬೇಕು. ಮನೆಗೆ ತಾಗಿಸಿ ಸುಮಾರು 300 ಜನ ಕೂರುವ ರಂಗಮಂದಿರ ಕಟ್ಟಿಸಿದ. ಏನೋ ಒಂದು ಸಣ್ಣ ಹವ್ಯಾಸಿ ಆಟ ಸಾಕು ಎನ್ನದೆ, ಮಾಡುವುದಾದರೆ ಸರಿಯಾಗಿಯೇ ಮಾಡಬೇಕೆಂದು ಹಟ ಹಿಡಿದವಳು ಆಕೆ. 1934ರ ಮೇ 28ರಂದು ಅಲ್ಲಿ ಮೊದಲು ಆಡಿದ್ದು ‘ಫಿಗರೋನ ಮದುವೆ’. ಕತೆಯ ಮದುಮಗಳು ಸುಸಾನಳ ಪಾತ್ರ ಆಡ್ರಿಯದೇ.

ಹಳ್ಳಿಯ ಮಧ್ಯದ ಈ ಪುಟ್ಟ ರಂಗಕ್ಕೆ ಮೊದಲ ವರ್ಷವೇ ಆ ಮಟ್ಟದ ಕಸುವು ಎಲ್ಲಿಂದ ಬಂತು ಎಂದು ನೋಡಿದರೆ ಕಣ್ಣು ಮಂಜಾಗುತ್ತದೆ. ಜರ್ಮನಿಯಲ್ಲಿ ಹಿಟ್ಲರ್ ಗದ್ದುಗೆಗೆ ಬಂದದ್ದು 1933ರಲ್ಲಿ. ಡ್ರೆಸ್ಡನ್ ಒಪೆರಾದ ಸಂಗೀತ ನಿರ್ದೇಶಕ ಫ್ರಿಟ್ಜ್ ಬುಶ್ ನಾಜಿಗಳ ಮುಂದೆ ತಲೆಬಾಗಲಿಲ್ಲ. ಅವರ ಪುಂಡರು ರಂಗಮಂದಿರದೊಳಗೇ ಕೂಗೆಬ್ಬಿಸಿ ಅವನನ್ನು ವಾದ್ಯವೃಂದದ ಎದುರಿನಿಂದ ಇಳಿಸಿದರು. ಬರ್ಲಿನ್ನಿನಲ್ಲಿ ಒಪೆರಾ ನಡೆಸುತ್ತಿದ್ದ ಕಾರ್ಲ್ ಎಬರ್ಟ್ ಕೂಡ ದೇಶ ಬಿಟ್ಟ. ವಿಯೆನ್ನಾದ ಯಹೂದಿ ರುಡಾಲ್ಫ್ ಬಿಂಗ್‌ಗೂ ಅಲ್ಲಿ ನೆಲೆ ಇರಲಿಲ್ಲ. ಈ ಮೂವರೂ ಬಂದು ಸೇರಿದ್ದು ಸಸೆಕ್ಸ್‌ನ ಈ ಕುರಿಗಳ ನಾಡಿಗೆ. ಬುಶ್ ವಾದ್ಯವೃಂದವನ್ನು ನಡೆಸಿದ, ಎಬರ್ಟ್ ರಂಗದ ಮೇಲಿನ ಆಟವನ್ನು ಕಟ್ಟಿದ, ಬಿಂಗ್ ಆಡಳಿತ ನೋಡಿಕೊಂಡ. ಹಾಡು ಚೆನ್ನಾಗಿದ್ದರೆ ನಟನೆ ಹೇಗಿದ್ದರೂ ನಡೆಯುತ್ತದೆ ಎಂಬ ಕಾಲದಲ್ಲಿ ಎರಡನ್ನೂ ಸಮನಾಗಿ ತೂಗಿ, ವಾರಗಟ್ಟಲೆ ತಾಲೀಮು ನಡೆಸಿದರು. ಇಂದಿಗೂ ಗ್ಲೈಂಡ್‌ಬೋರ್ನ್‌ನ ಹೆಸರು ನಿಂತಿರುವುದು ಆ ತಾಲೀಮಿನ ಮೇಲೆ. ಎರಡನೇ ಮಹಾಯುದ್ಧ ಬಂದಾಗ ಆಟ ನಿಂತಿತು, ಬಾಂಬು ಬೀಳುವ ಲಂಡನ್ನಿನಿಂದ ಕಳಿಸಿದ ಮಕ್ಕಳಿಗೆ ಆ ಮನೆ ಆಸರೆಯಾಯಿತು. ಯುದ್ಧ ಮುಗಿದ ಮರುವರ್ಷ ಬೆಂಜಮಿನ್ ಬ್ರಿಟನ್‌ನ ಹೊಸ ಒಪೆರಾದೊಂದಿಗೆ ಬಾಗಿಲು ತೆರೆಯಿತು. ಅದೇ ಬಿಂಗ್ 1947ರಲ್ಲಿ ಎಡಿನ್‌ಬರೊ ಉತ್ಸವವನ್ನು ಶುರು ಮಾಡಿದ, ಆಮೇಲೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದ.

ಈಗಿರುವುದು ಹೊಸ ರಂಗಮಂದಿರ. ಮೈಕಲ್ ಹಾಪ್ಕಿನ್ಸ್ ಅದರ ವಾಸ್ತುಶಿಲ್ಪಿ. ಹಳೆಯದನ್ನು ಕೆಡವಿ ಕಟ್ಟಲು 1993ರ ಉತ್ಸವವನ್ನೇ ಬಿಟ್ಟುಕೊಟ್ಟರು. ಮೊದಲ ಆಟಕ್ಕೆ ಸರಿಯಾಗಿ 60 ವರ್ಷ ತುಂಬಿದ ದಿನ, 1994ರ ಮೇ 28ರಂದು, ಮತ್ತೆ ‘ಫಿಗರೋ’ದಿಂದಲೇ ಶುರು ಮಾಡಿದರು. ಸುಮಾರು 1,200 ಜನಕ್ಕೆ ಜಾಗ. ಒಳಗೆಲ್ಲ ಹಳೆಯ ಕಟ್ಟಡಗಳಿಂದ ತೆಗೆದ ಪೈನ್ ಮರ. ಕೂತಲ್ಲಿಂದ ಕೈಚಾಚಿ ಆ ಮರದ ಅಂಚನ್ನು ಮುಟ್ಟಿ ನೋಡಿದೆ. ಉಜ್ಜಿ ನುಣುಪು ಮಾಡಿದ್ದರೂ ಗಂಟುಗಳು ಬೆರಳಿಗೆ ಸಿಗುತ್ತವೆ. ನಮ್ಮೂರ ಹಳೆಯ ಮನೆಗಳ ಪಡಸಾಲೆಯ ಕಂಬದ ಬಣ್ಣ. ದನಿ ಆ ಮರಕ್ಕೆ ತಾಗಿ ಬೆಚ್ಚಗಾಗಿ ಬರುತ್ತದೆ.

ನಾವು ನೋಡಿದ ‘ಫಿಗರೋ’ದಲ್ಲಿ ಎರಡನೇ ಅಂಕದ ಕೊನೆಗೆ ಬಿಡುವು. ಆ ಕೊನೆಯ ಭಾಗ ಮೊಜಾರ್ಟ್ ಬರೆದದ್ದರಲ್ಲೇ ಬೆರಗಿನದು. ದೊರೆ ಮತ್ತು ಅವನ ಹೆಂಡತಿ ಇಬ್ಬರ ಜಗಳದಿಂದ ಶುರುವಾಗುತ್ತದೆ. ಸುಸಾನ ಬಂದು ಮೂವರಾಗುತ್ತಾರೆ. ಫಿಗರೋ ಸೇರುತ್ತಾನೆ. ಕುಡಿದು ಬಂದ ತೋಟದ ಮಾಲಿ ‘ನನ್ನ ಹೂಕುಂಡದ ಮೇಲೆ ಮೇಲಿನಿಂದ ಯಾರೋ ಹಾರಿದರು’ ಎಂದು ದೂರು ತರುತ್ತಾನೆ. ಅವನು ಹೋದರೆ ಇನ್ನೂ ಮೂವರು ನುಗ್ಗುತ್ತಾರೆ. ಇಪ್ಪತ್ತು ನಿಮಿಷ ಸಂಗೀತ ಒಂದು ಸಲವೂ ನಿಲ್ಲದೆ ಓಡುತ್ತದೆ. ಕೊನೆಗೆ ಏಳು ಜನ ಒಟ್ಟಿಗೆ, ಒಬ್ಬೊಬ್ಬರು ಒಂದೊಂದು ಮಾತು ಹಾಡುತ್ತಿರುತ್ತಾರೆ. ಆದರೂ ಪ್ರತಿಯೊಬ್ಬರ ಸಂಕಟ ಬೇರೆ ಬೇರೆಯಾಗಿ ಕೇಳುತ್ತದೆ. ಭಾಷೆ ಇಟಾಲಿಯನ್. ಮೇಲೆ ಪರದೆಯಲ್ಲಿ ಇಂಗ್ಲಿಷ್ ಸಾಲು ಬರುತ್ತಿತ್ತು, ನಾನು ಅದನ್ನು ಓದುವುದನ್ನೇ ಬಿಟ್ಟೆ.

ಪರದೆ ಬಿದ್ದು ಹೊರಗೆ ಬಂದರೆ ಇನ್ನೂ ಬಿಸಿಲು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಉಪ್ಪಿನ ಪೊಟ್ಟಣ ಬಿಚ್ಚಿ, ನಿಂಬೆ ಹಿಂಡಿ, ಕೋಸಂಬರಿ ಕಲಸಿ ಮೂರು ತಟ್ಟೆಗೆ ಹಾಕಿದೆ. ಪಕ್ಕದ ಮೇಜಿನಲ್ಲಿ ವಯಸ್ಸಾದ ದಂಪತಿ. ಅವರದು ತಣ್ಣಗಿನ ಸಾಮನ್ ಮೀನು, ಸ್ಟ್ರಾಬೆರಿ, ಶಾಂಪೇನು. ಸಾಸಿವೆ ಇಂಗಿನ ಒಗ್ಗರಣೆಯ ವಾಸನೆಗೆ ಆ ಅಮ್ಮ ತಿರುಗಿ ನೋಡಿ ಅದೇನೆಂದು ಕೇಳಿದರು. ಒಂದು ಬಟ್ಟಲು ಕೊಟ್ಟೆವು, ಸ್ಟ್ರಾಬೆರಿ ಬಂತು. ಕೋಡುಬಳೆಯನ್ನು ಅವರ ಯಜಮಾನರು ಮುರಿದು, ಕಿವಿಯ ಹತ್ತಿರ ಹಿಡಿದು ಶಬ್ದ ಕೇಳಿ, ಆಮೇಲೆ ಬಾಯಿಗೆ ಹಾಕಿಕೊಂಡರು. ಹಳೆಯ ರಂಗಮಂದಿರದ ಕಾಲದಿಂದಲೂ ಬರುತ್ತಿರುವವರಂತೆ. ‘ಮಳೆ ಬಂದರೆ ಏನು ಮಾಡುತ್ತೀರಿ?’ ಎಂದೆ. ‘ಕೊಡೆ ಹಿಡಿದುಕೊಂಡು ಉಣ್ಣುತ್ತೇವೆ’ ಎಂದರು. ರಂಗಮಂದಿರದ ಸುತ್ತ ಮಾಡಿನ ಕೆಳಗೆ ಜಗಲಿಗಳೂ ಇವೆ, ಮಳೆಗಾಲದ ನಮ್ಮ ಜನವಾದರೆ ಅಲ್ಲಿಗೇ ಓಡುತ್ತಿದ್ದರು.

ಹುಲ್ಲುಹಾಸು ಮುಗಿಯುವಲ್ಲಿ ಬೇಲಿ ಕಾಣುವುದಿಲ್ಲ. ಆಚೆ ಮೇಯುವ ಕುರಿಗಳು ಇನ್ನೇನು ನಮ್ಮ ಜಮಖಾನಕ್ಕೇ ಬಂದಾವು ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಆಳವಾದ ಚರಂಡಿ ತೋಡಿ, ಈಚೆ ಬದಿಗೆ ಗೋಡೆ ಕಟ್ಟಿದ್ದಾರೆ. ನಮ್ಮಲ್ಲಿ ಅಡಿಕೆ ತೋಟಕ್ಕೆ ದನ ನುಗ್ಗದಂತೆ ಅಗಳು ತೋಡುತ್ತಾರಲ್ಲ, ಅದೇ ಉಪಾಯ. ಕಣ್ಣಿಗೆ ತಡೆಯಿಲ್ಲ, ಕುರಿಗೆ ತಡೆ ಇದೆ.

ಉಂಡು, ಕಾಫಿ ಕುಡಿದು, ಕೆರೆಯ ದಂಡೆಯಲ್ಲಿ ನಡೆದೆವು. ಆಗ ಬಾಯಲ್ಲಿದ್ದದ್ದು ಬರೀ ಒಪೆರಾ. ದೊರೆ ತಪ್ಪೊಪ್ಪಿಕೊಳ್ಳುತ್ತಾನೋ, ಅವನ ಹೆಂಡತಿ ಇನ್ನೆಷ್ಟು ಸಹಿಸಬೇಕು ಎಂದು ಮಗಳಿಗೂ ಅಳಿಯಂದಿರಿಗೂ ಚರ್ಚೆ. ಹತ್ತು ನಿಮಿಷದ ಬಿಡುವಾಗಿದ್ದರೆ ಶೌಚಾಲಯದ ಸಾಲಿನಲ್ಲೇ ಅದು ಕಳೆದುಹೋಗುತ್ತಿತ್ತು. ಒಂದೂವರೆ ಗಂಟೆಯಲ್ಲಿ ಕೇಳಿದ್ದು ಹಿಂಗುತ್ತದೆ, ಮತ್ತೆ ಬೇಕೆನ್ನಿಸುತ್ತದೆ.

ನಾಲ್ಕನೇ ಅಂಕ ನಡೆಯುವುದು ರಾತ್ರಿ, ತೋಟದಲ್ಲಿ. ಬಾರ್ಬರಿನ ಎಂಬ ಎಳೆಯ ಹುಡುಗಿ ಲಾಂದ್ರ ಹಿಡಿದು ಹುಲ್ಲಿನಲ್ಲಿ ಕಳೆದುಹೋದ ಒಂದು ಸೂಜಿಪಿನ್ನು ಹುಡುಕುತ್ತಿದ್ದಾಳೆ. ದೊರೆ ಕೊಟ್ಟು ಕಳಿಸಿದ ಪಿನ್ನು ಅದು, ಬೈಗುಳದ ಹೆದರಿಕೆ. ಎರಡು ನಿಮಿಷವೂ ಇಲ್ಲದ ಹಾಡು. ಇಡೀ ಒಪೆರಾದಲ್ಲಿ ಅಳುವ ಮೈನರ್ ಶ್ರುತಿಯಲ್ಲಿರುವ ಒಂಟಿ ಹಾಡು ಇದೊಂದೇ. ದೊರೆಸಾನಿಯ ದುಃಖಕ್ಕೂ ಕೊಡದ ಆ ಶ್ರುತಿಯನ್ನು ಮೊಜಾರ್ಟ್ ಮಾಲಿಯ ಮಗಳ ಒಂದು ಪಿನ್ನಿಗೆ ಕೊಟ್ಟಿದ್ದಾನೆ. ಧ್ವನಿಮುದ್ರಣದಲ್ಲಿ ನಾನಿದನ್ನು ಗಮನಿಸದೆ ದಾಟಿಹೋಗುತ್ತಿದ್ದೆ. ಅಂದು ನನ್ನ ಸೀರೆಯ ಅಂಚಿಗೆ ಹುಲ್ಲಿನ ಚೂರು ಇನ್ನೂ ಅಂಟಿಕೊಂಡಿತ್ತು. ಮೊಣಕಾಲೂರಿ ಹುಲ್ಲು ಕೆದಕುವ ಆ ಹುಡುಗಿಯ ಕೈಗೆ ಏನು ತಾಗುತ್ತಿದೆ ಎಂದು ನನ್ನ ಕೈಗೆ ಗೊತ್ತಿತ್ತು. ಕೊನೆಗೆ ದೊರೆ ಎಲ್ಲರೆದುರು ಹೆಂಡತಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳುತ್ತಾನೆ. ಆಕೆ ಕ್ಷಮಿಸುತ್ತಾಳೆ. ಅಷ್ಟೊಂದು ಗಲಾಟೆಯ ಕತೆ ಒಂದು ಕ್ಷಣ ಪ್ರಾರ್ಥನೆಯಾಗಿಬಿಡುತ್ತದೆ. ನನ್ನ ಪಕ್ಕದ ಸೀಟಿನವರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

ನಾನು ಬೆಳೆದದ್ದು ಸಾಗರದ ಕಡೆ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಬೆಳತನಕ ಬಯಲಾಟ ಆಡುವುದನ್ನು ಕಂಬಳಿ ಹೊದ್ದು ನೋಡಿದವಳು. ಆಟಕ್ಕೆ ಹೊರಡುವುದೆಂದರೆ ಸಂಜೆಯೇ ಅಡಿಗೆ ಮುಗಿಸಿ, ಚಾಪೆ ಸುತ್ತಿಕೊಂಡು, ದೊಂದಿ ಹಿಡಿದು ಗದ್ದೆಯಂಚಿನಲ್ಲಿ ನಡೆಯುವುದು. ಚಂಡೆಯ ಪೆಟ್ಟು ದೂರದಿಂದಲೇ ಕರೆಯುತ್ತಿತ್ತು. ನಡುರಾತ್ರಿ ಎದ್ದು ಹೋಗಿ ಚಹಾ ಕುಡಿದು, ಕಡಲೆ ಮೆದ್ದು, ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಇಣುಕಿ, ಮತ್ತೆ ಬಂದು ಕೂರುತ್ತಿದ್ದೆವು. ಅಷ್ಟು ಹೊತ್ತು ಕೊಟ್ಟದ್ದರಿಂದಲೇ ಕರ್ಣನ ಸಾವು ನಮ್ಮ ಮನೆಯದೇ ಸಾವಾಗುತ್ತಿತ್ತು. ಈಗ ಎರಡೂವರೆ ಗಂಟೆಯ ಕಾಲಮಿತಿ ಯಕ್ಷಗಾನ ಬಂದಿದೆ, ಕಲಾವಿದರ ಆರೋಗ್ಯಕ್ಕೂ ಪಟ್ಟಣದ ಜೀವನಕ್ಕೂ ಅದು ಬೇಕಾಗಿರಬಹುದು. ಕಳೆದುಕೊಂಡದ್ದು ಏನೆಂದು ನನಗೆ ಮತ್ತೆ ತಿಳಿದದ್ದು ಗ್ಲೈಂಡ್‌ಬೋರ್ನ್‌ನಲ್ಲಿ. ಹೆಗ್ಗೋಡಿನ ನೀನಾಸಂನವರು ಸಂಸ್ಕೃತಿ ಶಿಬಿರದಲ್ಲಿ ಇದನ್ನು ಉಳಿಸಿಕೊಂಡಿದ್ದಾರೆ. ಒಟ್ಟಿಗೆ ಕೂತು ಉಂಡು, ರಾತ್ರಿ ನಾಟಕ ನೋಡಿ, ಬೆಳಿಗ್ಗೆ ಅದರ ಬಗ್ಗೆ ಮಾತಾಡುವುದು ಅಲ್ಲಿನ ಕ್ರಮ.

ನಮ್ಮವರಿಗೆ ಆ ಸಂಗೀತ ಪೂರಾ ಹೊರಗಿನದು ಎಂದೂ ನಾನು ಒಪ್ಪುವುದಿಲ್ಲ. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ. ಆ ಕಛೇರಿಗೆ ಹಣದ ಆಸರೆ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿ ರಚಿಸಿದ ಅದೇ ದೊರೆ. ಗ್ಲೈಂಡ್‌ಬೋರ್ನ್‌ಗೂ ನಮ್ಮ ಕಡೆಯ ಗಾಳಿ ಬೀಸಿದೆ. 2005ರಲ್ಲಿ ಹ್ಯಾಂಡೆಲ್‌ನ ‘ಜೂಲಿಯೊ ಚೇಸರೆ’ಯನ್ನು ಡೇವಿಡ್ ಮೆಕ್‌ವಿಕರ್ ಬ್ರಿಟಿಷ್ ಸಾಮ್ರಾಜ್ಯದ ಕಾಲದ ಛಾಯೆಯಲ್ಲಿ ರಂಗಕ್ಕೆ ತಂದಾಗ ಕ್ಲಿಯೋಪಾತ್ರಳ ಹೆಜ್ಜೆಯಲ್ಲಿ ಹಿಂದಿ ಸಿನಿಮಾದ ಕುಣಿತ ಬೆರೆತಿತ್ತು. ಆ ಪಾತ್ರದಿಂದ ಹೆಸರು ಮಾಡಿದ ಡೇನಿಯಲ್ ಡಿ ನೀಸ್ ಶ್ರೀಲಂಕಾ ಮೂಲದ ಮನೆತನದವಳು. ಜಾನ್ ಕ್ರಿಸ್ಟಿಯ ಮೊಮ್ಮಗ ಗಸ್ ಕ್ರಿಸ್ಟಿಯನ್ನು ಮದುವೆಯಾಗಿ ಆಡ್ರಿ ಬಾಳಿದ ಮನೆಗೇ ಸೊಸೆಯಾಗಿ ಬಂದಳು.

ದುಡ್ಡಿನ ಮಾತನ್ನೂ ಆಡಲೇಬೇಕು. ಒಳ್ಳೆಯ ಸೀಟಿನ ದರ 200 ಪೌಂಡ್ ದಾಟುತ್ತದೆ. ಬೇಸಿಗೆಯ ಉತ್ಸವಕ್ಕೆ ಸರಕಾರದ ಹಣವಿಲ್ಲ, ಟಿಕೆಟ್ಟು, ಸದಸ್ಯರು, ದಾನಿಗಳು ಇವರ ಮೇಲೇ ನಡೆಯಬೇಕು ಎಂಬುದು ನಿಜ. ಆದರೂ ಅಷ್ಟು ದರ ಹೆಚ್ಚಿನ ಜನರನ್ನು ದೂರವೇ ಇಡುತ್ತದೆ. ಇದಕ್ಕೆ ಪರಿಹಾರವಾಗಿ 1968ರಿಂದ ಅವರು ಊರೂರಿಗೆ ತಿರುಗಾಟ ಹೋಗಿ ಕಡಿಮೆ ದರದಲ್ಲಿ ಆಡುತ್ತಿದ್ದರು. 2022ರಲ್ಲಿ ಸರಕಾರಿ ಕಲಾ ಮಂಡಳಿ ಅನುದಾನವನ್ನು ಅರ್ಧಕ್ಕೆ ಇಳಿಸಿದ ಮೇಲೆ ಆ ತಿರುಗಾಟ ನಿಂತುಹೋಯಿತು. ಮೇಳವೊಂದು ತಿರುಗಾಟ ನಿಲ್ಲಿಸಿತೆಂದರೆ ಎಷ್ಟು ಊರುಗಳಿಗೆ ಕತ್ತಲಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಮತ್ತೆ ಶುರು ಮಾಡಿಸುವುದು ಆ ದೇಶದ ಸರಕಾರದ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ.

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಕನ್ನಡಿಗರು ಈಗ ಬಹಳ ಜನ. ಹೋಗುವುದೂ ಹೆಚ್ಚಾಗಿ ನಮ್ಮ ಸೆಕೆಗೆ ಹೆದರಿ ಮೇ, ಜೂನ್‌ನಲ್ಲೇ. ಉತ್ಸವ ನಡೆಯುವುದೂ ಮೇಯಿಂದ ಆಗಸ್ಟ್‌ವರೆಗೆ. ಅರಮನೆ, ಮ್ಯೂಸಿಯಂ ನೋಡುವ ಪಟ್ಟಿಯಲ್ಲಿ ಇದಕ್ಕೊಂದು ದಿನ ಇಡಿ. ಮಂಡಿನೋವು ಇಲ್ಲದಿದ್ದರೆ ನಿಂತು ನೋಡುವ ಅಗ್ಗದ ಟಿಕೆಟ್ಟು ಹುಡುಕಿ, ಮೂವತ್ತರ ಒಳಗಿನ ಮಕ್ಕಳಿಗೆ ರಿಯಾಯಿತಿ ಇದೆ. ಬಸ್ಸಿಗೆ ಮೊದಲೇ ಹೆಸರು ಬರೆಸಿ. ಕತೆಯನ್ನು ಓದಿಕೊಂಡು ಹೋಗಿ. ಕತ್ತಲಾದ ಮೇಲೆ ಗುಡ್ಡದ ಗಾಳಿ ಚಳಿ ಹುಟ್ಟಿಸುತ್ತದೆ, ರೇಷ್ಮೆ ಸೀರೆಯ ಮೇಲೆ ಶಾಲು ಇರಲಿ. ಬುತ್ತಿಯನ್ನು ಮಾತ್ರ ಎರಡು ಪಾಲು ಹೆಚ್ಚಿಗೆ ಕಟ್ಟಿಕೊಳ್ಳಿ, ಪಕ್ಕದವರಿಗೂ ಕೊಡಬೇಕಾಗುತ್ತದೆ.